ಸುತ್ತಳತೆ ತೋರಿಸಿ ಗುಂಟೆ ಅಂತ ಮಾರ್ತಾರ, ಹುಷಾರ್!

ಯಾರಾದರೂ ನಿಮಗೆ "ಸುತ್ತಲೂ 132 ಫೂಟ್ ಐತ್ರಿ, ಅಂದ್ರ ಬರೋಬ್ಬರಿ ಒಂದ್ ಗುಂಟೆ" ಅಂದರೆ ಅಲ್ಲಿಂದಲೇ ಗಾಡಿ ತಿರುಗಿಸಿ. ನಾನು ತಿರುಗಿಸಲಿಲ್ಲ. ಒಂದು ಲಕ್ಷ ರೂಪಾಯಿ ಕಳಕೊಂಡು ಕೂತಿದ್ದೇನೆ. ಹೇಳಿಕೊಳ್ಳೋಕೂ ನಾಚಿಕೆ. ನಾನು ಅರಿವೆ ಅಂಗಡಿಯವ, ಇಪ್ಪತ್ತು ವರ್ಷದಿಂದ ದಿನಾ ಬೆಳಗಾದರೆ ಮೀಟರ್ ಪಟ್ಟಿ ಹಿಡಿಯುವ ಕೈ ಇದು.

ವಿಜಯಪುರದ ಹೊರವಲಯದಲ್ಲಿ ಎನ್.ಎ. (ಕೃಷಿಯೇತರ) ಆದ ಪ್ಲಾಟು. ಏಜೆಂಟ್ ಗುಂಟೆಗೆ 9 ಲಕ್ಷ ಹೇಳಿದ. ಗುಂಟೆ ಅಂದರೆ 33 × 33, 1089 ಚದರ ಫೂಟು, ನಮ್ಮ ಕಡೆ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಜಾಗ ನೋಡಿದರೆ ಉದ್ದಕ್ಕೆ ಇತ್ತು. ನಾನು ಕೇಳಿದೆ, ಕೇಳಲಿಲ್ಲ ಅಂತಲ್ಲ! ಆತ ಟೇಪಿನ ಒಂದು ತುದಿ ನನ್ನ ಕೈಗೇ ಕೊಟ್ಟು ಸುತ್ತು ಹಾಕಿಸಿದ. 22, 44, 22, 44. ಕೂಡಿಸಿದರೆ 132. ಆಮೇಲೆ ಮೊಬೈಲ್ ತೆಗೆದು 33 ಅನ್ನು ನಾಲ್ಕು ಸಲ ಕೂಡಿಸಿ ತೋರಿಸಿದ. ಅದೂ 132.

"ನೋಡ್ರಿ ಅಣ್ಣಾರ, ಅಗಲದಾಗ 11 ಫೂಟ್ ಕಡಿಮಿ ಆತು, ಉದ್ದದಾಗ 11 ಫೂಟ್ ಜಾಸ್ತಿ ಬಂತು. ಅಲ್ಲಿಗಲ್ಲಿಗೆ ಆತಲ್ರಿ. ಬೇಲಿ ಹಾಕಿದ್ರೂ ಎರಡಕ್ಕೂ ಅಷ್ಟ ತಂತಿ ಬೇಕ. ಮ್ಯಾಲ ಇಲ್ಲಿಂದ ಗೋಳಗುಮ್ಮಟ ಕಾಣತೈತಿ."

ನಾನು "ಹೂಂ" ಅಂದೆ. ಆ ಹೂಂ ನೆನೆಸಿಕೊಂಡರೆ ಈಗಲೂ ಮೈ ಉರೀತದೆ. (ಗೋಳಗುಮ್ಮಟವಂತೆ! ನಮ್ಮೂರಾಗ ಅದು ಎಲ್ಲಿಂದ ಕಾಣಂಗಿಲ್ಲ ಹೇಳ್ರಿ.)

ಪಾಯಾ ತೆಗೆಸೋಕೆ ಗೌಂಡಿಯನ್ನು ಕರಕೊಂಡು ಹೋದ ದಿನ ಗೊತ್ತಾಯಿತು. ಆತ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದವನು ಹಾಗೇ ನಿಂತ. "ಇದು ಗುಂಟೆ ಅಲ್ರಿ. ನಿಮಗ ಒಂದ್ ಖೋಲಿ ಕಡಿಮಿ ಬೀಳತೈತಿ." 22 × 44 ಅಂದರೆ 968. 1089ರಲ್ಲಿ ಅದನ್ನು ಕಳೆದರೆ 121. ಬರೋಬ್ಬರಿ 11 × 11ರ ಒಂದು ಖೋಲಿ. ನಕ್ಷೆಯಲ್ಲಿ ಅದು ಅವ್ವನ ಖೋಲಿ. ಗುಂಟೆಯ ಒಂಬತ್ತನೇ ಒಂದು ಪಾಲು, 9 ಲಕ್ಷದಲ್ಲಿ ಒಂದು ಲಕ್ಷ.

ಆತನ "ಅಲ್ಲಿಗಲ್ಲಿಗೆ" ಎಲ್ಲಿ ತಪ್ಪು ಅಂತ ರಾತ್ರಿ ಕೂತು ನೋಡಿದೆ. ಚೌಕದಿಂದ ಕಡಿದ ಪಟ್ಟಿ 33 ಉದ್ದ, 11 ಅಗಲ, 363 ಚದರ ಫೂಟು. ಸೇರಿಸಿದ ಪಟ್ಟಿ? ಅದೂ 11 ಫೂಟೇ, ಆದರೆ ಅಷ್ಟರಲ್ಲಿ ಜಾಗದ ಅಗಲ 22ಕ್ಕೆ ಇಳಿದಾಗಿತ್ತಲ್ಲ, 242 ಮಾತ್ರ. ಕಡಿದದ್ದು ಉದ್ದ ಬದಿಯಿಂದ, ಅಂಟಿಸಿದ್ದು ಗಿಡ್ಡ ಬದಿಗೆ. ಪನ್ನಾ, ಅಂದರೆ ಅಗಲ, ಕಡಿಮೆ ಇರುವ ಅರಿವೆಗೆ ಅದೇ ರೇಟು ಹಾಕಿದರೆ ನನ್ನ ಗಿರಾಕಿ ಸುಮ್ಮನೆ ಬಿಡ್ತಾರಾ? ನಾನು ಬಿಟ್ಟೆ.

ಏಳನೇ ಇಯತ್ತೆ ಓದುವ ಮಗಳು ಪೊಟ್ಟಣ ಕಟ್ಟುವ ದಾರಕ್ಕೆ ಗಂಟು ಹಾಕಿ, ನಾಲ್ಕು ಬೆರಳಿಗೆ ಸಿಕ್ಕಿಸಿ ಚೌಕ ಮಾಡಿದಳು. ಎರಡೂ ಕೈ ದೂರ ಎಳೆದಳು. ಚೌಕ ಸಪೂರಾಗುತ್ತ ಆಗುತ್ತ ಎರಡು ಎಳೆ ಒಂದಕ್ಕೊಂದು ತಾಗಿದವು. "ಅಪ್ಪಾ, ದಾರ ಅಷ್ಟ ಐತಿ, ಒಳಗ ಜಾಗಾನ ಇಲ್ಲ." ಒಂದು ಫೂಟ್ ಅಗಲ, 65 ಫೂಟ್ ಉದ್ದದ ಸಂದಿಗೂ ಸುತ್ತಳತೆ 132ರೀ! ಒಳಗೆ 65 ಚದರ ಫೂಟು. ಅದೇ ಹಗ್ಗ ದುಂಡಗೆ ಹಾಕಿದರೆ ಹತ್ತಿರ ಹತ್ತಿರ 1386. ನಾಲ್ಕು ಮೂಲೆಯ ಜಾಗಗಳಲ್ಲಿ ಚೌಕದ್ದೇ ಎಲ್ಲಕ್ಕಿಂತ ಹೆಚ್ಚು, ಉದ್ದ ಎಳೆದಷ್ಟೂ ಲುಕ್ಸಾನು. ನಮ್ಮೂರಿನವರು ಅಂತ ನಾವು ಹೇಳಿಕೊಳ್ಳುವ ಭಾಸ್ಕರಾಚಾರ್ಯರು ತಮ್ಮ ಗಣಿತದ ಪುಸ್ತಕ ಲೀಲಾವತಿಯಲ್ಲಿ, ಲಂಬ ಅಥವಾ ಕರ್ಣ ಹೇಳದೆ ಬರೀ ನಾಲ್ಕು ಬದಿ ಕೊಟ್ಟು ಕ್ಷೇತ್ರಫಲ ಕೇಳುವವನನ್ನು ಪಿಶಾಚಿ ಅಂದಿದ್ದಾರೆ. ಉತ್ತರ ಹೇಳುವವನು ಇನ್ನೂ ದೊಡ್ಡ ಪಿಶಾಚಿಯಂತೆ. ಆ ದಿನ ಪ್ಲಾಟಿನಲ್ಲಿ ಇಬ್ಬರೂ ಇದ್ದೆವು.

ಏಜೆಂಟಿಗೆ ಫೋನ್ ಮಾಡಿದೆ. "ನಾ 132 ಅಂದಿದ್ದೆ, 132 ಐತಿ. ಟೇಪ್ ನೀವ ಹಿಡಿದಿದ್ರಿ." ಮತ್ತೆ ಮಾಡಿದೆ. "ಖರೀದಿ ಪತ್ರ ಓದ್ರಿ." ಓದಿದೆ. 22 × 44, 968 ಅಂತ ಸ್ಪಷ್ಟ ಇದೆ, ಕೆಳಗೆ ನನ್ನ ಸಹಿ. ಮೂರನೇ ಸಲ ನಗುತ್ತಾ, "ನೀವು ವ್ಯಾಪಾರಸ್ಥರು, ನಿಮಗ ನಾ ಲೆಕ್ಕ ಕಲಿಸಬೇಕೇನ್ರಿ?" ಅಂದ. ದುಡ್ಡು ಹೋದದ್ದಕ್ಕಿಂತ ಆ ನಗು ಚುಚ್ಚತೈತಿ.

ಬದಿ ಕೂಡಿಸಬ್ಯಾಡ್ರಿ, ಉದ್ದ ಅಗಲ ಗುಣಿಸ್ರಿ. ಮೂಲೆ ಸೊಟ್ಟ ಇದ್ದರೆ ಗುಣಿಸಿದ್ದೂ ಸುಳ್ಳು, ಕರ್ಣ ಅಳೀರಿ. ಸಂಚಕಾರ (ಮುಂಗಡ) ಕೊಡೋ ಮೊದಲೇ ಗೌಂಡಿಯನ್ನು ಕರಕೊಂಡು ಹೋಗ್ರಿ, ನನ್ನ ಹಾಗೆ ಆಮೇಲೆ ಅಲ್ಲ.

ನಿನ್ನೆ ಆತನೇ ಫೋನ್ ಮಾಡಿದ್ದ. "ಬಾಜೂಕ ಇನ್ನೊಂದ್ ಪ್ಲಾಟ್ ಐತ್ರಿ, ಸುತ್ತಳತೆ 140, ನಿಮ್ಮದಕ್ಕಿಂತ ದೊಡ್ಡದು."

ಅಗಲ ಎಷ್ಟಪ್ಪ ಅಂದೆ.

"ಹಲೋ, ಹಲೋ... ಆವಾಜ್ ಬರವಲ್ದರಿ" ಅಂದ.