ಎರಿಮಣ್ಣಿನ ಅಂಗಳ: ಕೊರಿಯನ್ ಲಾನೋ, ತಂಗಡಿ-ಲಕ್ಕಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಮ್ಮ ಕಡೆಯ ಗಿಡಗಳಾದ ತಂಗಡಿ, ಲಕ್ಕಿ, ಹೊಂಗೆಗೆ. ವರ್ಷಕ್ಕೆ ಹೆಚ್ಚುಕಡಿಮೆ 600 ಮಿ.ಮೀ. ಮಳೆ, ನಾಲ್ಕಾರು ದಿನಕ್ಕೊಮ್ಮೆ ಬರುವ ನಳದ ನೀರು, ಅದೂ ಇಲ್ಲದಾಗ ಬೋರಿನ ಸವಳು ನೀರು. ವಿಜಯಪುರದಲ್ಲಿ ಮನೆ ಕಟ್ಟಿಸಿದವರ ಕೈಯಲ್ಲಿರುವುದು ಇಷ್ಟೇ. ಆದರೂ ನಮ್ಮ ಅಂಗಳದಲ್ಲಿ ಎರಡೂ ನಡೆದವು. ಗೇಟಿನ ಕಡೆಯ ಅರ್ಧದಲ್ಲಿ ಅಣ್ಣ ಕೊರಿಯನ್ ಹುಲ್ಲು ಹಾಸಿಸಿ, ಗೋಡೆಗುಂಟ ಕೋನೋಕಾರ್ಪಸ್ ಎಂಬ ವಿದೇಶಿ ಗಿಡ ಹಚ್ಚಿಸಿದ. ಹಿಂದಿನ ಅರ್ಧ ನನ್ನದು.

ಲಾನು ಎಂದ ಕೂಡಲೇ ಎಲ್ಲರೂ ನೀರಿನ ಮಾತೆತ್ತುತ್ತಾರೆ. ನಮಗೆ ಕಾಡಿದ್ದು ಮಣ್ಣು. ನರ್ಸರಿಯವರು ಹುಲ್ಲನ್ನು ಕೆಂಪು ಮಣ್ಣಿನ ಸಮೇತ ಚಾಪೆಯಂತೆ ಕತ್ತರಿಸಿ ತಂದು, ನಮ್ಮ ಎರಿಯ, ಅಂದರೆ ಕಪ್ಪು ಮಣ್ಣಿನ, ಮೇಲೆ ಹಾಸಿ ಹೋದರು. ಮಳೆಗಾಲದಲ್ಲಿ ನೋಡಲು ಚಂದವಿತ್ತು. ಎರಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಾರ್ಚಿನ ಹೊತ್ತಿಗೆ ಬಿರುಕಿನಲ್ಲಿ ಕೈ ಮಣಿಕಟ್ಟಿನವರೆಗೆ ಇಳಿಯುತ್ತಿತ್ತು. ಹಾಸಿನ ಅಂಚು ಎತ್ತಿ ನೋಡಿದರೆ ಬೇರೆಲ್ಲ ಮೇಲಿನ ಎರಡು ಬೆರಳು ಕೆಂಪು ಮಣ್ಣಿನಲ್ಲೇ ಸುತ್ತಿಕೊಂಡಿತ್ತು, ಕೆಳಗಿನ ಎರಿಗೆ ಒಂದೆಳೆಯೂ ಇಳಿದಿರಲಿಲ್ಲ. ಪೈಪು ಹಿಡಿದರೆ ನೀರು ಹುಲ್ಲಿಗೆ ದಕ್ಕದೆ ಬಿರುಕಿನೊಳಗೆ ಗುಳುಗುಳು ಇಳಿದುಹೋಗುತ್ತಿತ್ತು.

ಬಿರುಕಿಗೆ ಉಸುಕು ತುಂಬಿಸಿದೆವು. ಮುಂದಿನ ಮಳೆಗೆ ಎರಿ ಉಬ್ಬಿತು, ಉಸುಕು ತುಂಬಿದಲ್ಲೆಲ್ಲ ದಿಬ್ಬ ಎದ್ದವು, ಹುಲ್ಲು ಕತ್ತರಿಸುವ ಮಷಿನ್ನು ಅದಕ್ಕೆ ಬಡಿದು ನಿಲ್ಲತೊಡಗಿತು. ತಗ್ಗಿನಲ್ಲಿ ನೀರು ನಿಂತು ಹುಲ್ಲು ಕೊಳೆಯಿತು. ನರ್ಸರಿಗೆ ಫೋನ್ ಮಾಡಿದರೆ, "ಇನ್ನೊಂದ್ ಲೋಡ್ ಕೆಂಪ ಮಣ್ಣ ಹಾಕ್ಸ್ರೀ ಸರ, ಎಲ್ಲಾ ಸರಿ ಆಗ್ತದ." ಲೋಡಿನ ದುಡ್ಡು ಯಾರದು ಅಂತ ಬೇರೆ ಹೇಳಬೇಕಿಲ್ಲ.

ಕೋನೋಕಾರ್ಪಸ್ ಬೇಗ ಎತ್ತರವಾಯಿತು, ನಿಜ. ಆದರೆ ಅದರ ಬೇರು ಪೈಪು, ಚರಂಡಿಗಳನ್ನು ಹುಡುಕಿಕೊಂಡು ಹೋಗುತ್ತದೆ. ಗುಜರಾತಿನಲ್ಲಿ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದರು. ನಮ್ಮ ಸೆಪ್ಟಿಕ್ ಟ್ಯಾಂಕು ಅದೇ ಗೋಡೆಗೆ ಹತ್ತಿಕೊಂಡಿದೆ. ಕೀಳಿಸಿದೆವು.

ಪೇವರ್ ಹಾಸಿಸಿ ಎಂದವರೂ ಇದ್ದರು. ಏಪ್ರಿಲ್ಲಿನ ಮಧ್ಯಾಹ್ನ ಅದರ ಮೇಲೆ ಬರಿಗಾಲಿನಲ್ಲಿ ನಿಂತು ಆಮೇಲೆ ಮಾತಾಡಲಿ.

ನನ್ನ ಭಾಗದ ಮಣ್ಣೂ ಅದೇ ಎರಿ, ಅದೂ ಹಾಗೇ ಬಿರಿಯುತ್ತದೆ. ತಂಗಡಿಯ ತಾಯಿಬೇರು ನೆಟ್ಟಗೆ ಆಳಕ್ಕೆ ಹೋಗುವುದರಿಂದ ಮೇಲಿನ ಬಿರುಕು ಅದಕ್ಕೆ ಲೆಕ್ಕಕ್ಕಿಲ್ಲ. ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಜೂನಿನ ಮಿರಗದ (ಮೃಗಶಿರಾ) ಮಳೆಗೆ ನೇರ ನೆಲದಲ್ಲೇ ಊರಬೇಕು. ಸಸಿ ಕಿತ್ತು ಬೇರೆಡೆ ಹಚ್ಚಿದರೆ ಸೊರಗುತ್ತದೆ. ಲಕ್ಕಿ ಪರಿಚಯದವರ ಬದುವಿನಿಂದ ಕಡಿದು ತಂದ ಕಡ್ಡಿ. ಹೊಂಗೆ, ಪತ್ರಿ (ಬಿಲ್ವ) ಅರಣ್ಯ ಇಲಾಖೆಯ ನರ್ಸರಿಯವು, ಚಹಾ-ಚೂಡಾದ ದುಡ್ಡಿನಲ್ಲಿ ಬಂದವು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಬೇಲಿಗುಂಟ ಹಚ್ಚಿದ ಆಡುಸೋಗೆಯನ್ನು ಮಾತ್ರ ನಮ್ಮ ಓಣಿಯ ಆಡುಗಳು ಮೂಸಿ ನೋಡಿ ಬಿಟ್ಟವು. ಬನ್ನಿಯನ್ನು ಬಿಡಲಿಲ್ಲ. ಚಿಗುರಿದಂತೆಲ್ಲ ಮೇಯ್ದವು, ಕೊನೆಗೆ ಜಾಲರಿ ಕಟ್ಟಿಸಿದೆ.

ತಕರಾರು ಇಲ್ಲವೆಂದಲ್ಲ. ಮೊದಲ ವರ್ಷ ಏನೂ ಕಾಣಿಸುವುದಿಲ್ಲ. "ಹಾಳ ಬಿಟ್ಟೀರೇನ್ರೀ ಹಿತ್ತಲಾ?" ಅಂತ ಬೀಗರು ಕೇಳಿದರು. ಹೊಂಗೆ ಫೆಬ್ರುವರಿ-ಮಾರ್ಚಿನಲ್ಲಿ ರಾಶಿ ಎಲೆ ಉದುರಿಸುತ್ತದೆ, ಕಸ ಹೊಡೆಯುವವರ ಬಾಯಿ ಮುಚ್ಚಿಸುವುದು ಕಷ್ಟ. ಆದರೆ ಬಿಸಿಲು ನಲವತ್ತು ಡಿಗ್ರಿ ದಾಟುವಷ್ಟರಲ್ಲಿ ಹೊಸ ಎಲೆ ತುಂಬಿಕೊಂಡು ನೆರಳು ಕೊಡುತ್ತದೆ. ಉದುರಿದ್ದನ್ನು ನಾನು ಗಿಡದ ಬುಡಕ್ಕೇ ಸರಿಸುತ್ತೇನೆ, ಎರಿ ಬಿರಿಯುವುದು ಅಷ್ಟು ಕಡಿಮೆ. ತಂಗಡಿ ಹಳದಿ ಹೂ ಬಿಟ್ಟಾಗ ಹಳದಿ ಚಿಟ್ಟೆಗಳೂ ಬರುತ್ತವೆ.

ನಾನು ಬೆಳಗ್ಗೆ ಒಂದೆರಡು ಕೊಡ ನೀರಿಗಿಂತ ಹೆಚ್ಚು ಹೊರುವವನಲ್ಲ, ಮಾಲಿ ಇಡುವ ಸಂಬಳವೂ ಇಲ್ಲ. ಅಂಥವರಿಗೆ ಇದೇ ಸರಿ. ಮಾಲಿ, ಟ್ಯಾಂಕರ್ ಎರಡೂ ಇದ್ದವರು ಆಳವಾಗಿ ಅಗೆಸಿ, ಮಣ್ಣು ಬದಲಿಸಿ ಕೊರಿಯನ್ ಹಾಸಲಿ. ಕಾಲಿಗೆ ಹಸಿರು ಬೇಕು, ದುಡ್ಡು ಬೇಡ ಅನ್ನುವವರಿಗೆ ಕರಕಿ (ಗರಿಕೆ) ಇದೆ. ನಮ್ಮ ಹೊಲದವರು ಬೈದುಕೊಂಡು ಅಗೆದು ತೆಗೆಯುವ ಕಳೆ ಅದು, ಎರಿಯಿಂದ ಏನು ಮಾಡಿದರೂ ಹೋಗುವುದಿಲ್ಲ. ಅಣ್ಣ ಈ ಸಲ ಅದನ್ನೇ ಹೊಲದಿಂದ ಚೀಲಗಟ್ಟಲೆ ತರಿಸಿ ಹಚ್ಚಿಸಿದ್ದಾನೆ, ಒಂದು ಪೈಸೆ ಖರ್ಚಿಲ್ಲದೆ.