ದಾಲ್ಚಿನ್ನಿ ಪುಡಿಯ ಡಬ್ಬಿ, ಅದರ ಚೀಟಿಯಲ್ಲಿ ಕಾಣದ ಕೂಮರಿನ್

ಸೂಪರ್ ಮಾರ್ಕೆಟ್ಟಿನ ಮಸಾಲೆ ಸಾಲಿನಿಂದ ಇತ್ತೀಚೆಗೆ ತಂದ ದಾಲ್ಚಿನ್ನಿ ಪುಡಿಯ ಡಬ್ಬಿಯೊಂದು ಈ ವಿಮರ್ಶೆಯ ವಸ್ತು. ಪುಡಿ ನುಣ್ಣಗಿದೆ, ಗಂಟುಕಟ್ಟಿಲ್ಲ, ಮುಚ್ಚಳ ತೆಗೆದೊಡನೆ ಘಾಟು ಬೆರೆತ ಸಿಹಿ ಪರಿಮಳ ಮೂಗಿಗೆ ಬಡಿಯುತ್ತದೆ. ಕೇಕಿಗೋ ಸೇಬಿನ ಹಲ್ವಕ್ಕೋ ಬೆರೆಸಿದರೆ ರುಚಿಯ ಬಗ್ಗೆ ದೂರು ಹೇಳಲು ಏನೂ ಇಲ್ಲ. ಆದರೂ ಈ ಡಬ್ಬಿಗೆ ಒಳ್ಳೆಯ ಅಂಕ ಕೊಡಲು ನನಗೆ ಮನಸ್ಸಿಲ್ಲ. ಮುಂಬದಿಯಲ್ಲಿ ದಿನವೂ ಬೆಳಿಗ್ಗೆ ಒಂದು ಚಮಚ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕುಡಿಯಿರಿ ಎಂಬ ಸಲಹೆಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದ ಕಂಪನಿ, ಒಳಗಿರುವುದು ಸಿಲೋನ್ ದಾಲ್ಚಿನ್ನಿಯೋ ಕ್ಯಾಸಿಯಾ ಚಕ್ಕೆಯೋ ಎಂಬುದನ್ನು ಎಲ್ಲಿಯೂ ತಿಳಿಸಿಲ್ಲ. ಆ ಸಲಹೆಯನ್ನು ಪಾಲಿಸಬಹುದೇ ಬಾರದೇ ಎಂಬುದು ನಿಂತಿರುವುದು ಇದೊಂದೇ ವಿವರದ ಮೇಲೆ.

ಎರಡೂ ಒಂದೇ ಕುಲದ ಮರಗಳ ತೊಗಟೆ. ದಿನಸಿ ಅಂಗಡಿಯಲ್ಲಿ ಚಕ್ಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯಿಂದ ಬರುವ ಕ್ಯಾಸಿಯಾ. ಶ್ರೀಲಂಕಾದಲ್ಲಿ ಹೆಚ್ಚಾಗಿ ಬೆಳೆಯುವುದು ಸಿಲೋನ್ ದಾಲ್ಚಿನ್ನಿ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಸುಗಂಧ ಪದಾರ್ಥ ಧಾರಾಳವಾಗಿರುತ್ತದೆ, ಸಿಲೋನಿನಲ್ಲಿ ಅದು ಹೆಸರಿಗೆ ಮಾತ್ರ. ಒಣಹುಲ್ಲಿನ, ವೆನಿಲಾದ ನೆನಪು ತರುವ ಈ ಪರಿಮಳವನ್ನು ದಕ್ಷಿಣ ಅಮೆರಿಕದ ಮರವೊಂದರ ಸುವಾಸಿತ ಬೀಜವಾದ ಟೊಂಕಾದಿಂದ ಮೊದಲು ಬೇರ್ಪಡಿಸಿದ್ದು 1820ರಲ್ಲಿ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್ 1868ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಮೇಲೆ ಅದು ಅಗ್ಗವಾಯಿತು, ಅತ್ತರು, ಸಾಬೂನು, ಮಿಠಾಯಿ ಎಲ್ಲದರೊಳಗೂ ಸೇರಿತು.

ಮಿಠಾಯಿಯಿಂದ ಅದು ಹೊರಬಿದ್ದದ್ದು 1954ರಲ್ಲಿ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಯಕೃತ್ತಿಗೆ ಹಾನಿಯಾಗುವುದು ಕಂಡುಬಂದ ಕಾರಣ, ಆಹಾರಕ್ಕೆ ಕೂಮರಿನ್ ಬೆರೆಸುವುದನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ನಿಷೇಧಿಸಿತು. ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಗಳಲ್ಲಿಯೂ ಬಳಸಬಾರದ ರುಚಿಕಾರಕಗಳ ಪಟ್ಟಿಯಲ್ಲಿ ಕೂಮರಿನ್, ಅದರ ಹತ್ತಿರದ ಸಂಬಂಧಿ ಡೈಹೈಡ್ರೊಕೂಮರಿನ್, ಟೊಂಕಾ ಬೀಜ ಮೂರೂ ಇವೆ. ಈ ನಿಷೇಧ ಅನ್ವಯಿಸುವುದು ಹೊರಗಿನಿಂದ ಬೆರೆಸುವ ಕೂಮರಿನ್‌ಗೆ; ತೊಗಟೆಯಲ್ಲಿ ಹುಟ್ಟಿನಿಂದಲೇ ಇರುವುದಕ್ಕಲ್ಲ. ಹೀಗಾಗಿ ಬಿಸ್ಕತ್ತಿಗೆ ಚಿಟಿಕೆ ಕೂಮರಿನ್ ಸೇರಿಸಿದವನು ತಪ್ಪಿತಸ್ಥನಾಗುತ್ತಾನೆ, ಅಷ್ಟೇ ಕೂಮರಿನ್ ಇರುವ ಕ್ಯಾಸಿಯಾ ಪುಡಿಯನ್ನು ಸೇರಿಸಿದವನು ಆಗುವುದಿಲ್ಲ.

ಮನುಷ್ಯರ ವಿಷಯದಲ್ಲಿ ಹೆದರಿಕೆಗಿಂತ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಬಹುಪಾಲು ಜನರ ಯಕೃತ್ತು ಕೂಮರಿನ್ ಅನ್ನು ನಿರಪಾಯಕಾರಿ ರೂಪಕ್ಕೆ ಪರಿವರ್ತಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಇಲಿಗಳಲ್ಲಿ ಈ ಕ್ರಿಯೆ ಬೇರೆಯೇ ದಾರಿ ಹಿಡಿಯುವುದರಿಂದ ಅವುಗಳಿಗೆ ಆದದ್ದೆಲ್ಲ ನಮಗೂ ಆಗುತ್ತದೆ ಎನ್ನಲಾಗದು. ಆದರೆ ಊತ ಇಳಿಸುವ ಮಾತ್ರೆಯಾಗಿ ಕೂಮರಿನ್ ಸೇವಿಸಿದ ರೋಗಿಗಳಲ್ಲಿ ಕೆಲವರಿಗೆ ಯಕೃತ್ತಿನ ಉರಿಯೂತ ಕಾಣಿಸಿಕೊಂಡದ್ದು ದಾಖಲಾಗಿದೆ. ಔಷಧ ನಿಲ್ಲಿಸಿದ ಮೇಲೆ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಇಂಥ ಸೂಕ್ಷ್ಮ ದೇಹಸ್ಥಿತಿಯವರು ಕೆಲವರೇ, ಆದರೆ ಆ ಕೆಲವರಲ್ಲಿ ತಾನೂ ಒಬ್ಬನೋ ಅಲ್ಲವೋ ಎಂಬುದು ಮುಂಚಿತವಾಗಿ ಯಾರಿಗೂ ಗೊತ್ತಿರುವುದಿಲ್ಲ. ಅವರನ್ನೂ ಗಮನದಲ್ಲಿಟ್ಟುಕೊಂಡು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ನಿಗದಿಪಡಿಸಿರುವ ಮಿತಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ. ಇದು ಜೀವನವಿಡೀ ದಿನವೂ ಸೇವಿಸಬಹುದಾದ ಪ್ರಮಾಣ. ಒಂದೆರಡು ವಾರ ಇದರ ಮೂರು ಪಟ್ಟು ದೇಹ ಸೇರಿದರೂ ಆತಂಕ ಪಡಬೇಕಾಗಿಲ್ಲ ಎಂದು ಅದೇ ಪ್ರಾಧಿಕಾರ 2008ರಲ್ಲಿ ಹೇಳಿದೆ.

ಈಗ ಚಮಚದ ಲೆಕ್ಕಕ್ಕೆ ಬರೋಣ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಒಂದು ಕಿಲೋ ಕ್ಯಾಸಿಯಾ ಪುಡಿಯಲ್ಲಿ ಸುಮಾರು 3 ಗ್ರಾಂ ಕೂಮರಿನ್ ಇರುತ್ತದೆಂದು ಹಿಡಿದು ಲೆಕ್ಕ ಹಾಕಿದೆ. ಅಂದರೆ ಒಂದು ಗ್ರಾಂ ಪುಡಿಗೆ 3 ಮಿಲಿಗ್ರಾಂ. ಅರವತ್ತು ಕಿಲೋ ತೂಕದವರ ದಿನದ ಮಿತಿ 6 ಮಿಲಿಗ್ರಾಂ, ಅದು 2 ಗ್ರಾಂ ಪುಡಿಗೆ ಮುಗಿಯಿತು. ಹದಿನೈದು ಕಿಲೋ ತೂಕದ ಮಗುವಿಗೆ ಅರ್ಧ ಗ್ರಾಂ ಸಾಕು. ಟೀ ಚಮಚದ ತುಂಬ ಪುಡಿ ತೆಗೆದುಕೊಂಡರೆ ಎರಡು ಗ್ರಾಂ ಮೀರುತ್ತದೆ, ಹಾಗಾಗಿ ಡಬ್ಬಿಯ ಸಲಹೆಯನ್ನು ಚಾಚೂತಪ್ಪದೆ ಪಾಲಿಸುವ ಗೃಹಸ್ಥರು ಪ್ರತಿ ಬೆಳಿಗ್ಗೆಯೂ ತಿಂಡಿಗೆ ಮೊದಲೇ ಮಿತಿ ದಾಟಿರುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದು ಈ ಕಷಾಯ ಹಿಡಿಯುವವರು ತಿಂಗಳುಗಟ್ಟಲೆ ಬಿಡುವುದಿಲ್ಲ. ಅವರಲ್ಲಿ ಹಲವರು ಬೇರೆ ಮಾತ್ರೆಗಳನ್ನೂ ನುಂಗುತ್ತಿರುತ್ತಾರೆ, ಕೆಲವರ ಯಕೃತ್ತಿನಲ್ಲಿ ಆಗಲೇ ಕೊಬ್ಬು ಕೂತಿರುತ್ತದೆ. ಅವರು ಡಬ್ಬಿಯ ಮಾತಿಗಿಂತ ತಮ್ಮ ವೈದ್ಯರ ಮಾತನ್ನು ಕೇಳುವುದು ಲೇಸು.

ಅಡುಗೆಮನೆಯ ಬಳಕೆ ಬೇರೆಯೇ ಮಾತು. ನಾಲ್ಕು ಜನರ ಪಲಾವಿಗೆ ಬೀಳುವ ಬೆರಳುದ್ದದ ಚಕ್ಕೆಯಲ್ಲಿರುವ ಕೂಮರಿನ್ ಪೂರ್ತಿಯಾಗಿ ಅನ್ನಕ್ಕೆ ಇಳಿಯುವುದಿಲ್ಲ, ಚಕ್ಕೆಯನ್ನು ತಟ್ಟೆಯ ಅಂಚಿಗೆ ಸರಿಸಿಯೇ ಉಣ್ಣುತ್ತೇವೆ. ಬಿಸಿಬೇಳೆಬಾತಿನ ಪುಡಿಯಲ್ಲಿ ಚಕ್ಕೆ ಅರೆದುಹೋಗುತ್ತದೆ ನಿಜ, ಆದರೆ ಕೊತ್ತಂಬರಿ, ಕಡಲೆಬೇಳೆ, ಮೆಣಸಿನಕಾಯಿಯ ನಡುವೆ ಅದರ ಪಾಲು ಸಣ್ಣದು. ಯುರೋಪಿನಲ್ಲಿ ಈ ವಿಷಯ ದೊಡ್ಡದಾದದ್ದು ಅಲ್ಲಿ ದಾಲ್ಚಿನ್ನಿಯನ್ನು ಸಿಹಿ ತಿನಿಸುಗಳಿಗೆ ಧಾರಾಳವಾಗಿ ಸುರಿಯುವುದರಿಂದ. ಅಲ್ಲಿನ ಕಾನೂನಿನಂತೆ ಸಾಮಾನ್ಯ ಬೇಕರಿ ತಿನಿಸಿನಲ್ಲಿ ಕಿಲೋಗೆ 15 ಮಿಲಿಗ್ರಾಂ, ಸಾಂಪ್ರದಾಯಿಕ ಇಲ್ಲವೇ ಹಬ್ಬದ ಕಾಲದ ತಿನಿಸಿನಲ್ಲಿ 50 ಮಿಲಿಗ್ರಾಂ ಕೂಮರಿನ್ ಇರಬಹುದು. 2013ರಲ್ಲಿ ಡೆನ್ಮಾರ್ಕಿನ ಬೇಕರಿಯವರು ತಮ್ಮ ಮೆಚ್ಚಿನ ದಾಲ್ಚಿನ್ನಿ ಸುರುಳಿ ಇವೆರಡರಲ್ಲಿ ಯಾವುದಕ್ಕೆ ಸೇರಿದ್ದೆಂದು ಜಗಳಕ್ಕೇ ನಿಂತಿದ್ದರು. ಹಬ್ಬದ ದಿನ ಯಕೃತ್ತು ಹೆಚ್ಚು ತಾಳಿಕೊಳ್ಳುತ್ತದೆಯೇ ಎಂದು ಕೇಳಿದರೆ ಕಾನೂನು ಬರೆದವರ ಬಳಿಯೂ ಉತ್ತರವಿರಲಾರದು.

ಸ್ನಾನದ ಮನೆಯ ಕಪಾಟಿನಲ್ಲೂ ಕೂಮರಿನ್ ಇದೆ. ಡಿಯೋಡರೆಂಟ್, ಸಾಬೂನು, ಕ್ಷೌರದ ನಂತರ ಹಚ್ಚುವ ಲೋಷನ್‌ಗಳ ಹಿಂಬದಿಯನ್ನು ಓದಿದರೆ ಲಿನಲೂಲ್, ಲಿಮೊನೀನ್ ಎಂಬ ಸುಗಂಧ ಪದಾರ್ಥಗಳ ಜೊತೆ ಅದರ ಹೆಸರು ಆಗಾಗ ಸಿಗುತ್ತದೆ. ಚರ್ಮಕ್ಕೆ ಅಲರ್ಜಿ ತರಬಹುದಾದ 26 ಸುಗಂಧ ಪದಾರ್ಥಗಳನ್ನು ಯುರೋಪ್ 2003ರಲ್ಲಿ ಪಟ್ಟಿಮಾಡಿದಾಗ ಕೂಮರಿನ್ ಕೂಡ ಸೇರಿತ್ತು. ಹಚ್ಚಿ ಬಿಡುವ ವಸ್ತುಗಳಲ್ಲಿ ಶೇ. 0.001, ತೊಳೆದುಬಿಡುವ ವಸ್ತುಗಳಲ್ಲಿ ಶೇ. 0.01 ಮೀರಿದರೆ ಹೆಸರು ಬರೆಯಲೇಬೇಕು. ಶುದ್ಧ ಕೂಮರಿನ್‌ಗೆ ಅಲರ್ಜಿಯಾಗುವವರು ವಿರಳ. ಕಂಕುಳಲ್ಲಿ ತುರಿಕೆ, ಕೆಂಪು ದದ್ದು ಕಾಣಿಸಿಕೊಂಡವರು ಹೆಸರು ನೋಡಿ ಬೇರೆ ಸಾಬೂನು ಕೊಂಡರೆ ಸಾಕು, ಉಳಿದವರು ಸಾಬೂನಿನ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮೈಗೆ ಹಚ್ಚಿ ತೊಳೆಯುವ ವಸ್ತುವಿನ ಮೇಲೆ ಕೂಮರಿನ್ ಎಂದು ಬರೆದಿರುತ್ತದೆ, ಹೊಟ್ಟೆಗೆ ಹೋಗುವ ಪುಡಿಯ ಮೇಲೆ ಬರೆದಿರುವುದಿಲ್ಲ ಎಂಬುದು ಮಾತ್ರ ವಿಚಿತ್ರ.

ಪುಡಿಯ ಬದಲಿಗೆ ನಾನು ಈಗ ತರಿಸಿಕೊಳ್ಳುತ್ತಿರುವುದು ಶ್ರೀಲಂಕಾದ ಇಡೀ ದಾಲ್ಚಿನ್ನಿ. ಬೆಲೆ ಕ್ಯಾಸಿಯಾದ ಹಲವು ಪಟ್ಟು, ಸಣ್ಣ ಊರುಗಳ ಗ್ರಂದಿಗೆ ಅಂಗಡಿಗಳಲ್ಲಿ ಸಿಗುವ ಭರವಸೆಯೂ ಇಲ್ಲ. ಇಡಿಯಾಗಿ ಕೊಳ್ಳುವುದರ ದೊಡ್ಡ ಲಾಭವೆಂದರೆ ಕಣ್ಣಿಗೇ ಗುರುತು ಸಿಗುತ್ತದೆ: ಸಿಲೋನ್ ತೊಗಟೆ ಕಾಗದದಷ್ಟು ತೆಳು, ಹಲವು ಪದರಗಳು ಒಂದರೊಳಗೊಂದು ಸುತ್ತಿಕೊಂಡು ಬೀಡಿಯಂತಿರುತ್ತವೆ, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಬಣ್ಣ ತಿಳಿಕಂದು. ಕ್ಯಾಸಿಯಾ ದಪ್ಪ, ಗಡಸು, ಒಂದೇ ಪದರ, ಕೆಂಪು ಬೆರೆತ ಕಂದು. ಮುರಿಯಲು ಕುಟ್ಟಾಣಿಯೇ ಬೇಕು. ಪುಡಿಯಾದ ಮೇಲೆ ಇವೆರಡನ್ನು ಬೇರೆ ಮಾಡಿ ಹೇಳುವುದು ಪ್ರಯೋಗಾಲಯದ ಕೆಲಸ.

ರುಚಿಯ ಮಾತು ಹೇಳಬೇಕೆಂದರೆ ಸಿಲೋನ್ ಮೃದು, ತುಸು ಲವಂಗದ ಛಾಯೆ ಇರುವಂಥದ್ದು. ಹಾಲಿಗೆ, ಚಹಾಕ್ಕೆ, ಹಣ್ಣಿನ ಪಾಯಸಕ್ಕೆ ಅದು ಕ್ಯಾಸಿಯಾಕ್ಕಿಂತ ಎಷ್ಟೋ ಮೇಲು, ದಿನನಿತ್ಯದ ಕಷಾಯ ಬಿಡಲೊಲ್ಲದವರಿಗೆ ನಾನು ಒಪ್ಪಿ ಹೇಳಬಹುದಾದದ್ದು ಅದೊಂದೇ. ಆದರೆ ವಾಂಗೀಬಾತಿನ ಪುಡಿಗೆ ಹಾಕಿದಾಗ ಒಣಮೆಣಸಿನಕಾಯಿಯ ಖಾರದ ಎದುರು ಅದರ ಪರಿಮಳ ಮೇಲೇಳಲೇ ಇಲ್ಲ. ಆ ಕೆಲಸಕ್ಕೆ ದಪ್ಪ ಚಕ್ಕೆಯೇ ಸರಿ. ಅಷ್ಟು ಪ್ರಮಾಣದಲ್ಲಿ ಅದನ್ನು ಬಿಡುವ ಕಾರಣವೂ ನನಗೆ ಕಾಣುವುದಿಲ್ಲ.