ಬ್ಲಿಸ್ ಗೊಂಬೆಮನೆ ಕೊಳ್ಳುವ ಮೊದಲು ಅದರ ಕಾಗದವನ್ನು ಪರೀಕ್ಷಿಸಿ

ಅಮೆರಿಕದ ಹಳೆಯ ಮರದ ಆಟಿಕೆಗಳನ್ನು, ಅದರಲ್ಲೂ ರೋಡ್ ಐಲ್ಯಾಂಡ್ ರಾಜ್ಯದ ಪಟಕೆಟ್‌ನಲ್ಲಿದ್ದ ಆರ್. ಬ್ಲಿಸ್ ಕಂಪನಿಯ ಗೊಂಬೆಮನೆಗಳನ್ನು ಸಂಗ್ರಹಿಸುವವರು ಆನ್‌ಲೈನಿನಲ್ಲಿ ಹಣ ಕಟ್ಟುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ಹಳೆಯ ಮರಕ್ಕೆ ಹೊಸ ಕಾಗದ ಅಂಟಿಸಿ, ಎಲ್ಲವೂ ಮೂಲದ್ದೇ ಎಂದು ಮಾರುವ ವ್ಯಾಪಾರಿಯೊಬ್ಬರಿಂದ ನಾನು ಮೋಸ ಹೋಗಿದ್ದೇನೆ.

1832ರಲ್ಲಿ ರೂಫಸ್ ಬ್ಲಿಸ್ ಆರಂಭಿಸಿದ ಈ ಕಂಪನಿ ಮೊದಲು ತಯಾರಿಸುತ್ತಿದ್ದುದು ಮರದ ತಿರುಪುಗಳನ್ನು ಮತ್ತು ಬಡಗಿಗಳು ಬಳಸುವ ಕ್ಲ್ಯಾಂಪುಗಳನ್ನು. ಆಟಿಕೆಗಳು ಬಂದದ್ದು 1870ರ ದಶಕದಲ್ಲಿ. ಇದರ ಗೊಂಬೆಮನೆಗಳ ಇಟ್ಟಿಗೆ ಗೋಡೆ, ಚಾವಣಿಯ ಹೆಂಚು, ಕಿಟಕಿಯ ಚೌಕಟ್ಟು ಹೆಚ್ಚಾಗಿ ಕೆತ್ತಿದ್ದಲ್ಲ, ಬಣ್ಣ ಬಳಿದದ್ದೂ ಅಲ್ಲ. ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದ ಚಿತ್ರದಿಂದ, ಮುದ್ರಿಸಿದ ಕಾಗದವನ್ನು ಹಲಗೆಗೆ ಅಂಟಿಸಿದ್ದು. ಆದ್ದರಿಂದ ಸಂಗ್ರಾಹಕ ಬೆಲೆ ತೆರುವುದು ಆ ಕಾಗದಕ್ಕೆ. ಅದು ಹೋದರೆ ಉಳಿಯುವುದು ಬರಿಯ ಪೆಟ್ಟಿಗೆ.

ನಾನಿರುವ ನ್ಯೂಜೆರ್ಸಿಗೆ ಬಂದಿಳಿದ ಗೊಂಬೆಮನೆಯ ಮರ ನಿಜಕ್ಕೂ ಹಳೆಯದಾಗಿತ್ತು. ಮೊಳೆಗಳ ತುಕ್ಕು, ಒಳಗಿನ ಧೂಳು, ಮುಂಬಾಗಿಲಿನ ಸವೆದ ಕೀಲು, ಯಾವುದರಲ್ಲೂ ಅನುಮಾನಕ್ಕೆ ಎಡೆಯಿರಲಿಲ್ಲ. ಈ ಮೋಸದ ಜಾಣತನ ಇರುವುದೇ ಇಲ್ಲಿ, ಏಕೆಂದರೆ ನಾವು ಸಾಮಾನ್ಯವಾಗಿ ಮರವನ್ನು ನೋಡಿ ತೃಪ್ತರಾಗುತ್ತೇವೆ. ಬಾಗಿಲ ಮೇಲಿನ ‘ಆರ್. ಬ್ಲಿಸ್’ ಎಂಬ ಅಕ್ಷರಗಳ ಮೇಲೆ ಭೂತಗನ್ನಡಿ ಹಿಡಿದಾಗ ಬೇರೆಯೇ ಕಥೆ ಕಂಡಿತು. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕುಶಲಕರ್ಮಿ ಕೈಯಿಂದ ಇಟ್ಟ ಚುಕ್ಕಿಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ನನ್ನ ಗೊಂಬೆಮನೆಯ ಮೇಲೆ ಇದ್ದದ್ದು ಈಗಿನ ಆಫ್‌ಸೆಟ್ ಮುದ್ರಣದ ನಾಲ್ಕು ಬಣ್ಣಗಳ ಸಮಾನ ಅಂತರದ ಚುಕ್ಕಿಗಳು, ಪುಟ್ಟ ಹೂವಿನ ಆಕಾರದಲ್ಲಿ, ಸಾಲು ತಪ್ಪದೆ. ನೋಟು ಪರೀಕ್ಷಿಸುವ ನೇರಳೆ ದೀಪವನ್ನು ಹಿಡಿದರೆ, ಹಗಲಿನಲ್ಲಿ ಕಂದಾಗಿ ಕಾಣುತ್ತಿದ್ದ ಗೋಡೆ ಅಂಚುಗಳಲ್ಲಿ ನೀಲಿಯಾಗಿ ಹೊಳೆಯಿತು. ಹಾಗೆ ಹೊಳೆಯುವುದು ಕಾಗದವನ್ನು ಬಿಳುಪಾಗಿಸಲು ಸೇರಿಸುವ ಒಂದು ರಾಸಾಯನಿಕ, ಅದು ವ್ಯಾಪಕ ಬಳಕೆಗೆ ಬಂದದ್ದು 1950ರ ಸುಮಾರಿಗೆ. (ಹೊಳೆಯದಿದ್ದ ಮಾತ್ರಕ್ಕೆ ಕಾಗದ ಹಳೆಯದೆಂದು ತಿಳಿಯಬೇಡಿ, ಆ ರಾಸಾಯನಿಕವಿಲ್ಲದ ಹೊಸ ಕಾಗದವೂ ಸಿಗುತ್ತದೆ, ವಾರ್ನಿಷ್ ಕೂಡ ಹೊಳಪನ್ನು ಮುಚ್ಚಬಲ್ಲದು.) ಹರಿದ ಅಂಚಿನ ಒಳಭಾಗಕ್ಕೂ ಮೇಲ್ಮೈಯಷ್ಟೇ ಕಂದು ಬಣ್ಣ ಹತ್ತಿದ್ದುದು, ಅದನ್ನು ಚಹಾದಂಥ ಯಾವುದೋ ದ್ರವದಿಂದ ಹಳತಾಗಿಸಿದ್ದಾರೆಂಬುದಕ್ಕೆ ಮತ್ತೊಂದು ಕುರುಹು.

ವಿಚಾರಿಸಿದಾಗ ಮಾರಾಟಗಾರರು, ತಾವು ಮೂಲದ್ದೆಂದು ಹೇಳಿದ್ದು ಮನೆಯನ್ನೇ ಹೊರತು ಕಾಗದವನ್ನಲ್ಲ ಎಂದು ವಾದಿಸಿದರು. ಜಾಹೀರಾತಿನ ಪ್ರತಿಯನ್ನು ಉಳಿಸಿಕೊಂಡಿದ್ದರಿಂದ ಕ್ರೆಡಿಟ್ ಕಾರ್ಡ್ ಕಂಪನಿಯ ಮೂಲಕ ಹಣ ವಾಪಸು ಬಂತು, ಸಾಗಣೆಯ ಖರ್ಚು ಮಾತ್ರ ಹೋಯಿತು. ಹೊಸ ಕಾಗದ ಹೊದಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹಾಗೆಂದು ಹೇಳಿ, ತಕ್ಕ ಬೆಲೆಗೆ ಮಾರಿದರೆ ನಾನೇ ಕೊಳ್ಳುತ್ತೇನೆ. ಆದರೆ ಬೆಲೆ ಮೂಲ ಕಾಗದದ್ದಾಗಿದ್ದರೆ, ಗೋಡೆಯ ಒಂದು ಅಂಗುಲ ಜಾಗದ ಸ್ಪಷ್ಟ ಚಿತ್ರವನ್ನೂ ನೇರಳೆ ದೀಪದಡಿ ತೆಗೆದ ಚಿತ್ರವನ್ನೂ ಕೇಳಿ. ‘ಹೊರಗಿನ ಮತ್ತು ಒಳಗಿನ ಕಾಗದ ಮೂಲದ್ದು’ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. ಹಳದಿ ಬೆಳಕಿನಲ್ಲಿ ದೂರದಿಂದ ತೆಗೆದ ಚಿತ್ರಗಳನ್ನಷ್ಟೇ ಕಳಿಸುವವರ ಸಹವಾಸ ಬೇಡ.

ನಾನು ಹಿಂದಿರುಗಿಸಿದ ಆ ಮನೆ ಈಗ ಮತ್ತೆ ಮಾರಾಟಕ್ಕೆ ಬಂದಿದೆ, ವಿವರಣೆಯ ಒಂದಕ್ಷರವೂ ಬದಲಾಗಿಲ್ಲ. ಮುಂಭಾಗದ ಬಲಗಡೆಯ ಕಂಬದ ಬುಡದಲ್ಲಿ ಚಕ್ಕೆ ಎದ್ದಿರುವುದೇ ಅದರ ಗುರುತು.